ಕ್ಯಾನ್ವಾಸಿನ ಹಿಂಬದಿಯಲ್ಲಿ ಏನಿದೆ?

ಮೈಸೂರಿನ ಕಾವಾದಲ್ಲಿ (ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು) ಕಲಿತು ಬಂದ ಕೊಡಗಿನ ಹುಡುಗ ಹುಡುಗಿಯರ ಕೆಲಸ ಎದುರಿನಿಂದ ನೋಡಲು ಚೆನ್ನಾಗಿಯೇ ಇರುತ್ತದೆ. ತಿರುಗಿಸಿದರೆ ಹೆಸರಿಲ್ಲ, ಇಸವಿಯಿಲ್ಲ, ಅಳತೆಯಿಲ್ಲ. ಒಂದು ಮಳೆಗಾಲ ಕಳೆದಿದ್ದರೆ ಬೂಷ್ಟು ಮಾತ್ರ ಧಾರಾಳ. ಕಲಾವಿದರ ವೃತ್ತಿ ಸೋಲುವುದು ಹೆಚ್ಚಾಗಿ ಈ ಬದಿಯಲ್ಲೇ.

ಆಸ್ಟ್ರೇಲಿಯಾದ ಮೂಲನಿವಾಸಿಗಳ ಚಿತ್ರಕಲೆ ಮತ್ತೆ ಚಿಗುರಿದ್ದನ್ನು ಹೇಳುವಾಗ ಎಲ್ಲರೂ ಆ ಚಿತ್ರಗಳನ್ನು ತುಂಬುವ ಚುಕ್ಕೆಗಳ ಬಗ್ಗೆ ಮಾತಾಡುತ್ತಾರೆ. 1971ರಲ್ಲಿ ಪಾಪುನ್ಯಾ ಎಂಬ ಮರುಭೂಮಿಯ ಊರಿಗೆ ಜೆಫ್ರಿ ಬಾರ್ಡನ್ ಮೇಷ್ಟ್ರಾಗಿ ಬಂದರು, ಹಿರಿಯರು ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಕಥೆ ಬರೆದರು. ಅಲ್ಲಿಗೇ ಮುಗಿದಿದ್ದರೆ ಅದೊಂದು ಗೋಡೆಚಿತ್ರ, ಅಷ್ಟೆ. 1972ರಲ್ಲಿ ಕಲಾವಿದರೇ ಒಡೆಯರಾದ ಪಾಪುನ್ಯಾ ತುಲಾ ಸಂಸ್ಥೆ ಹುಟ್ಟಿತು. ಪ್ರತಿ ಕ್ಯಾನ್ವಾಸಿನ ಹಿಂದೆ ಕಲಾವಿದರ ಇನಿಷಿಯಲ್, ಇಸವಿ, ತಿಂಗಳು, ಕ್ರಮಸಂಖ್ಯೆ ಸೇರಿಸಿದ ನಂಬರ್ ಬರೆಯುವುದು, ಜೊತೆಗೆ ಚಿತ್ರದ ಕಥೆ ಹೇಳುವ ಪ್ರಮಾಣಪತ್ರ ಕೊಡುವುದು ಅಲ್ಲಿ ರೂಢಿಗೆ ಬಂತು. ನಕಲಿ ಮಾಲಿನ ನಡುವೆ ಅಸಲಿಯನ್ನು ಗುರುತಿಸಲು ಇದೇ ಆಧಾರ.

ಪಾಪುನ್ಯಾದ ಕಲಾವಿದ ಕ್ಲಿಫರ್ಡ್ ಪಾಸಮ್ ಅವರ 'ವಾರ್ಲುಗುಲಾಂಗ್' ಎಂಬ ಚಿತ್ರ 1977ರಲ್ಲಿ 1,200 ಡಾಲರಿಗೆ ಹೋಗಿ, 2007ರಲ್ಲಿ 24 ಲಕ್ಷ ಡಾಲರಿಗೆ ಹರಾಜಾಯಿತು. ಮರುಮಾರಾಟದಲ್ಲಿ ಕಲಾವಿದರು ಪಾಲು ಕೇಳುವ ಕಾನೂನು ಆಗ ಅಲ್ಲಿರಲಿಲ್ಲ, ಶೇ. 5ರ ಪಾಲು ಬಂದದ್ದು 2010ರಲ್ಲಿ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮು, ಮೂಲ ಚಿತ್ರ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಗರಿಷ್ಠ ಶೇ. 10ರವರೆಗೆ ಪಾಲಿಗೆ ಅವಕಾಶ ಕೊಡುತ್ತದೆ. ಯಾರಿಗೆ ಯಾವಾಗ ಮಾರಿದ್ದೆಂದು ಬರೆದಿಡದವರು ಏನಂತ ಕೇಳುವುದು?

ನೀವೂ ಪ್ರತಿ ಚಿತ್ರಕ್ಕೆ ಇಂಥದೇ ನಂಬರು ಕೊಟ್ಟು, ಅದನ್ನು ಸ್ಟ್ರೆಚರ್ ಮರದ (ಕ್ಯಾನ್ವಾಸು ಬಿಗಿದ ಚೌಕಟ್ಟು) ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಬಟ್ಟೆಯ ಮೇಲೆ ಮಾರ್ಕರ್ ಬೇಡ, ಶಾಯಿ ಎದುರಿಗೆ ಇಣುಕುತ್ತದೆ. ಅದೇ ನಂಬರು, ಅಳತೆ, ಬಣ್ಣದ ಜಾತಿ, ಕೊಂಡವರ ವಿವರ, ಬೆಲೆ ಒಂದು ಪುಸ್ತಕದಲ್ಲಿರಲಿ. ಎದುರಿನದೂ ಹಿಂದಿನದೂ ಫೋಟೊ ತೆಗೆದಿಡಿ.

ಇನ್ನು ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹತ್ತಿಬಟ್ಟೆ ಹಿಂದಿನಿಂದ ತೇವ ಹೀರಿ ಸಡಿಲವಾಗುತ್ತದೆ. ಗಾಳಿಯ ತೇವಾಂಶ ಶೇ. 65-70 ದಾಟಿ ನಿಂತರೆ ಬೂಷ್ಟು ಬಂತೆಂದೇ ಲೆಕ್ಕ. ಮಳೆ ಹೊಡೆಯುವ ಹೊರಗೋಡೆಗೆ ಚಿತ್ರ ಹಾಕಬೇಡಿ. ಎಲ್ಲಿ ಹಾಕಿದರೂ ನಾಲ್ಕು ಮೂಲೆಗೆ ಒಂದು ಸೆಂಟಿಮೀಟರ್ ದಪ್ಪದ ಕಾರ್ಕ್ ತುಂಡು ಅಂಟಿಸಿದರೆ ಹಿಂದೆ ಗಾಳಿ ಆಡುತ್ತದೆ (ಕೊಡಗಿನ ಮನೆಗಳಲ್ಲಿ ಬಾಟಲಿ ಬಿರಡೆಗೆ ಬರವಿಲ್ಲ). ಒಲೆಯ ಹತ್ತಿರ ಒಣಗಿಸಿದರೆ ಬಣ್ಣ ಬಿರಿಯುತ್ತದೆ, ಹೊಗೆಯೂ ಕೂರುತ್ತದೆ. ಬೂಷ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಬೀಜ ಬಿತ್ತಿದ ಹಾಗೆ ಹರಡುತ್ತದೆ. ಬೇರೆ ಚಿತ್ರಗಳಿಂದ ದೂರ ಇಟ್ಟು, ಪೂರ್ತಿ ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು ಹೊರಗೆ ಮೆತ್ತನೆ ಕುಂಚದಲ್ಲಿ ಉದುರಿಸಿ. ವಾರ್ನಿಷ್ ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳಿ. ತೇವದಲ್ಲಿ ಹಚ್ಚಿದರೆ ಬಿಳಿ ಮಂಜು ಕಟ್ಟುತ್ತದೆ. ಅಕ್ರಿಲಿಕ್ ಚಿತ್ರಗಳನ್ನು ಮುಖಕ್ಕೆ ಮುಖ ಕೊಟ್ಟು ಜೋಡಿಸಿದರೆ ಅಂಟಿಕೊಳ್ಳುತ್ತವೆ. ಬಬಲ್ ರ‍್ಯಾಪ್ ನೇರವಾಗಿ ತಾಗಿದರೂ ಗುಳ್ಳೆಯ ಅಚ್ಚು ಬೀಳುತ್ತದೆ. ಸುತ್ತಿ ಕಳಿಸಲೇಬೇಕಾದರೆ ಬಣ್ಣ ಹೊರಮುಖವಾಗಿ, ದಪ್ಪ ಕೊಳವೆಗೆ.

ಕ್ಯುರೇಟರ್ ಆಗಲು, ಅಂದರೆ ಚಿತ್ರ ಆಯ್ದು ಪ್ರದರ್ಶನ ಕಟ್ಟಲು ಹೊರಟವರು ಪಾಪುನ್ಯಾದ ಇನ್ನೊಂದು ಪಾಠ ಓದಬೇಕು. ಮೊದಮೊದಲ ಹಲಗೆಗಳಲ್ಲಿ ಪರರು ನೋಡಬಾರದ ಆಚರಣೆಯ ವಿಷಯಗಳು ಬಂದು ಅಕ್ಕಪಕ್ಕದ ಸಮುದಾಯಗಳು ಸಿಟ್ಟಾದವು. ಆಮೇಲೆ ಬರೆದವರು ಅಂಥವನ್ನು ಕೈಬಿಟ್ಟರು. ಕೈಮಡದ (ಕೊಡವರ ಪೂರ್ವಿಕರ ಗುಡಿ) ಒಳಗಿನದು, ತೆರೆಯ (ದೈವ ಕಟ್ಟುವ ಆಚರಣೆ) ಅಣಿ ಎಂಬ ತಲೆಯ ಅಲಂಕಾರ, ಎರವರ ಅಥವಾ ಜೇನುಕುರುಬರ ಹಾಡಿಯ ಪೂಜೆ ಇವೆಲ್ಲ ಚೆಂದದ ಫ್ರೇಮ್ ಸಿಕ್ಕಿತೆಂದು ಗೋಡೆಗೇರಿಸುವ ವಸ್ತುಗಳಲ್ಲ. ಒಕ್ಕದ (ಕೊಡವರ ಮನೆತನ) ಹಿರಿಯರಾದ ಪಟ್ಟೆದಾರರನ್ನು, ಹಾಡಿಯ ಹಿರಿಯರನ್ನು ಮೊದಲು ಕೇಳಿ. ಬೇಡ ಎಂದರೆ ಬೇಡ. ಇಟಲಿಯ ದೊಡ್ಡ ಕಲಾ ಪ್ರದರ್ಶನವಾದ ವೆನಿಸ್ ಬಿಯೆನಾಲೆಗೆ 1997ರಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿ ಕಲಾವಿದೆ ಎಮಿಲಿ ಕಾಮೆ ಎನ್‌ಗ್ವಾರೆಯ ಚಿತ್ರಗಳು ಹೋದಾಗ ಕ್ಯುರೇಟರುಗಳ ತಂಡದಲ್ಲಿ ಹೆಟ್ಟಿ ಪರ್ಕಿನ್ಸ್, ಬ್ರೆಂಡಾ ಕ್ರಾಫ್ಟ್ ಎಂಬ ಮೂಲನಿವಾಸಿ ಮಹಿಳೆಯರಿದ್ದರು. ಹಾಡಿಯ ಮಕ್ಕಳ ಕೈಗೆ ಕುಂಚ ಕೊಡುವ ಶಿಬಿರಗಳು ಆಯ್ಕೆಯ ಅಧಿಕಾರವನ್ನೂ ಕೊಡಲಿ ಎನ್ನುವುದು ಇದಕ್ಕೇ.

ಚಿತ್ರ ಪಡೆಯುವಾಗ ಒಮ್ಮೆ, ಮರಳಿಸುವಾಗ ಒಮ್ಮೆ ಕಂಡಿಷನ್ ರಿಪೋರ್ಟ್, ಅಂದರೆ ಚಿತ್ರದ ಸ್ಥಿತಿಯ ವರದಿ ಬರೆಯಿರಿ: ಬಿರುಕು, ಕಲೆ, ಮೂಲೆಯ ಜಜ್ಜು, ಹಿಂಬದಿಯ ಬೂಷ್ಟು. ಇಬ್ಬರ ಸಹಿಯೂ ಬೀಳಲಿ. ಸಾಗಾಣಿಕೆ ಖರ್ಚು ಯಾರದು, ಹಾಳಾದರೆ ಯಾರು ಕೊಡಬೇಕು, ಮಾರಾಟವಾದರೆ ಎಷ್ಟು ದಿನದೊಳಗೆ ಹಣ ಎಂಬುದನ್ನು ಗಾಡಿಗೆ ಚಿತ್ರ ಹತ್ತಿಸುವ ಮೊದಲೇ ಕಾಗದದ ಮೇಲೆ ತನ್ನಿ.