ಮನೆತನದ ಆತ್ಮಕಥನ ಓದುವಾಗ ಪಕ್ಕದಲ್ಲೊಂದು ಹಾಳೆ

ಹಿರೀಕರ ಕತೆ ಹೇಳುವ ಆತ್ಮಕಥನಗಳಲ್ಲಿ ಓದುಗರು ಮೊದಲು ಎಡವುವುದು ಹೆಸರುಗಳಲ್ಲಿ. ಸುಬ್ಬಣ್ಣ ತೀರಿಕೊಂಡ ಎಂದು ಓದಿ ಹತ್ತು ಪುಟ ದಾಟುವುದರೊಳಗೆ ಸುಬ್ಬಣ್ಣನ ಮದುವೆ ಬರುತ್ತದೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದಾಗಿ ತಲೆಮಾರು ಬಿಟ್ಟು ತಲೆಮಾರಿಗೆ ಅದೇ ಹೆಸರು ಮರಳುತ್ತದೆ. ಹಾಗಾಗಿ ಒಂದು ದೊಡ್ಡ ಹಾಳೆ, ಪೆನ್ಸಿಲು, ರಬ್ಬರು ಹತ್ತಿರ ಇರಲಿ.

ಕತೆ ಹೇಳುವವರ ಹೆಸರನ್ನು ಹಾಳೆಯ ನಡುವೆ ಬರೆದು ಮೇಲೆ ಮೂರು ತಲೆಮಾರಿಗೆ, ಕೆಳಗೆ ಎರಡಕ್ಕೆ ಜಾಗ ಬಿಡಿ. ಒಂದೇ ಹೆಸರಿನವರಿಗೆ 1, 2 ಎಂದು ಅಂಕಿ ಹಾಕಿ. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಂಡ ಮನೆಗಳಲ್ಲಿ ಒಬ್ಬಳೇ ಹೆಂಗಸು ಮಗಳಾಗಿಯೂ ಸೊಸೆಯಾಗಿಯೂ ಬರುತ್ತಾಳೆ. ಅವಳ ಹೆಸರು ಎರಡು ಸಲ ಬರೆದರೆ ಮುಂದೆ ಲೆಕ್ಕ ತಪ್ಪುತ್ತದೆ. ಒಮ್ಮೆ ಬರೆದು ಉದ್ದ ಗೆರೆ ಎಳೆಯಿರಿ. ಹೆಸರೇ ಹೇಳದೆ 'ತೀರ್ಥಹಳ್ಳಿ ಕಡೆಯವಳು' ಎಂದಷ್ಟೇ ಬಂದವಳಿಗೂ ಜಾಗ ಕೊಟ್ಟು ಊರಿನ ಹೆಸರು ಬರೆದಿಡಿ. ಇಂಥ ಹೆಂಗಸರ ಜಾಗವನ್ನು ಖಾಲಿ ಬಿಟ್ಟು ಮುಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ತುಳುನಾಡಿನ ಅಳಿಯಸಂತಾನದ ಮನೆತನವಾದರೆ ಅಜ್ಜಿ, ತಾಯಿ, ಮಗಳ ಸಾಲನ್ನೇ ನಡುವೆ ಎಳೆಯಬೇಕು. ಬಳಿ, ಅಂದರೆ ಕುಲದ ಹೆಸರು, ಬರುವುದು ತಾಯಿಯಿಂದ, ಆಸ್ತಿಯ ಹಕ್ಕೂ ಹಾಗೆಯೇ ಬರುತ್ತಿತ್ತು. ತಂದೆಯಿಂದ ಶುರು ಮಾಡಿದರೆ ಯಜಮಾನಿಕೆ ನಡೆಸುವ ಸೋದರಮಾವ ಹಾಳೆಯ ಮೂಲೆಗೆ ಸರಿದು, ಪಾಲಿನ ಜಗಳಗಳು ಯಾರ ನಡುವೆ ಎಂಬುದೇ ತಿಳಿಯದೆ ಹೋಗುತ್ತದೆ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಕವರುಗಳಿಗೆ, ಅಂದರೆ ಮನೆತನದೊಳಗಿನ ತಾಯಿಯ ಕಡೆಯ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. ಆ ಕಾಲದ ಕತೆಯಲ್ಲಿ ಮನೆ ಒಡೆದರೆ ಈ ಇಸವಿ ನೆನಪಿರಲಿ.

ಹೆಚ್ಚು ಶ್ರಮ ಬೇಡುವುದು ಕಾಲದ ಲೆಕ್ಕ. ಹಿರಿಯರು ಇಸವಿ ಹೇಳುತ್ತಿರಲಿಲ್ಲ, ಸಂವತ್ಸರ ಹೇಳುತ್ತಿದ್ದರು. ಅರವತ್ತು ಸಂವತ್ಸರಗಳ ಚಕ್ರ 1867, 1927, 1987ರ ಯುಗಾದಿಗೆ ಪ್ರಭವದಿಂದ ಶುರುವಾಗಿದೆ, ಅಲ್ಲಿಂದ ಎಣಿಸಿ. ಧಾತು ಹತ್ತನೆಯದು, ಅಂದರೆ 1876, 1936 ಅಥವಾ 1996. ಯಾವುದೆಂದು ತೀರ್ಮಾನಿಸಲು ಪಕ್ಕದ ಸುಳಿವು ಹುಡುಕಬೇಕು: ದೊಡ್ಡ ಬರಗಾಲದ ಮಾತಿದ್ದರೆ 1876. ಧಾತು, ಈಶ್ವರ ಸಂವತ್ಸರಗಳಲ್ಲಿ ಮೈಸೂರು ಸೀಮೆಯನ್ನು ಹಿಂಡಿದ ಬರ ಅದು. ಕಾಳಯುಕ್ತಿಯಲ್ಲಿ ಜ್ವರಕ್ಕೆ ಮನೆಮಂದಿ ಸಾಲಾಗಿ ಸತ್ತರೆ ಅದು 1918ರ ಇನ್‌ಫ್ಲುಯೆಂಜಾ ಇರಬಹುದು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೊಂದಿದೆ. ಸಂವತ್ಸರ ಯುಗಾದಿಗೆ ಬದಲಾಗುತ್ತದೆ, ಜನವರಿಗಲ್ಲ. ಹಾಗಾಗಿ ಧಾತು ಸಂವತ್ಸರದ ಮಾಘ, ಫಾಲ್ಗುಣ ಬೀಳುವುದು 1877ರಲ್ಲಿ. ಇದನ್ನು ಮರೆತರೆ ಮಗುವಿನ ವಯಸ್ಸು ಒಂದು ವರ್ಷ ಹೆಚ್ಚುಕಡಿಮೆಯಾಗುತ್ತದೆ. ನಿಜಾಮರ ಸೀಮೆಯ ಕಾಗದಪತ್ರಗಳಲ್ಲಿ ಕಂದಾಯದ ಲೆಕ್ಕದ ಫಸಲಿ ವರ್ಷವಿದ್ದರೆ 590 ಕೂಡಿಸಿ. ಫಸಲಿ 1358 ಶುರುವಾದದ್ದು 1948ರಲ್ಲಿ.

ಹಣದ ಲೆಕ್ಕ ಸುಲಭ: ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ದಶಮಾಂಶದ ನಾಣ್ಯ ಬಂದದ್ದು 1957ರ ಏಪ್ರಿಲ್ 1ಕ್ಕೆ. ಧಾನ್ಯ ಅಳೆಯುವ ಸೇರು, ಕೊಳಗ, ಖಂಡುಗ ಮಾತ್ರ ಊರಿಂದೂರಿಗೆ ಬೇರೆ. 'ಎರಡು ಖಂಡುಗದ ಗದ್ದೆ' ಎಂದರೆ ಅಷ್ಟು ಬಿತ್ತನೆ ಹಿಡಿಯುವ ಗದ್ದೆ, ಅಷ್ಟು ಬೆಳೆಯುವ ಗದ್ದೆಯಲ್ಲ. ಅದನ್ನು ನೇರ ಎಕರೆಗೆ ಇಳಿಸಲು ಹೋಗದೆ, ಅದೇ ಪುಸ್ತಕದಲ್ಲಿ ಬರುವ ಇನ್ನೊಂದು ಜಮೀನಿನ ಜೊತೆ ಹೋಲಿಸಿ ನೋಡಿ.