ಈ ಕೋಡ್ ಯಾವ ಕಾಲದ್ದು?

2016ರ ಡಿಸೆಂಬರಿನ ಒಂದು ಭಾನುವಾರ. ಅಕ್ಕನ ಮಗಳು ಸೆಕೆಂಡ್‌ಹ್ಯಾಂಡ್ ಮ್ಯಾಕ್‌ಬುಕ್ಕನ್ನು ಎದೆಗವಚಿಕೊಂಡು ಬಂದವಳೇ, "ಮಾಮ, ಪ್ರೋಗ್ರಾಮಿಂಗ್ ನನ್ನ ತಲೆಗೆ ಹತ್ತೋದಲ್ಲ" ಅಂದಳು. ಐಫೋನ್ ಆ್ಯಪ್ ಮಾಡುವ ಆಸೆಗೆ ಆಪಲ್‌ನವರ ಪ್ರೋಗ್ರಾಮಿಂಗ್ ಭಾಷೆ ಸ್ವಿಫ್ಟ್ ಕಲಿಯಲು ಕೂತು ಮೂರು ದಿನವಾಗಿತ್ತಂತೆ. ಎಲ್ಲೋ ಸಿಕ್ಕ ಉದಾಹರಣೆಯನ್ನು ಒಂದಕ್ಷರ ಬಿಡದೆ ಟೈಪ್ ಮಾಡಿದ್ದಾಳೆ. ಪರದೆ ತುಂಬ ತಪ್ಪು ತೋರಿಸುವ ಕೆಂಪು ಗುರುತು.

ಮೊದಲ ಸಾಲಲ್ಲೇ ಪ್ರಿಂಟ್‌ಎಲ್‌ಎನ್, ಪರದೆಯ ಮೇಲೆ ಬರೆಸುವ ಆಜ್ಞೆ. ಕೆಳಗೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ, ಹಳೆಯ ಸಿ ಭಾಷೆಯ ಧಾಟಿಯ ಫಾರ್ ಲೂಪ್, ನಡುವೆ ಎರಡು ಸೆಮಿಕೋಲನ್, ಕೊನೆಗೆ ಎಣಿಕೆಯನ್ನು ಒಂದು ಏರಿಸುವ ಐ ಪ್ಲಸ್ ಪ್ಲಸ್. ಅವಳದು ಒಂದೂ ತಪ್ಪಿರಲಿಲ್ಲ. ನಾಣ್ಯದ ಮೇಲೆ 'ನಯೇ ಪೈಸೆ' ಅಂತಿದ್ದರೆ ಅದು 1957ರಿಂದ 64ರ ಒಳಗಿನದು ಅಂತ ಇಸವಿ ನೋಡದೆಯೇ ಹೇಳಬಹುದಲ್ಲ, ಹಾಗೆ ಇದೂ. ಪ್ರಿಂಟ್‌ಎಲ್‌ಎನ್ ಸ್ವಿಫ್ಟ್ ಹುಟ್ಟಿದ ಹೊಸದರ ಮಾತು; 2015ರಲ್ಲಿ ಸ್ವಿಫ್ಟ್ 2 ಬಂದಾಗ ಅದು ಬರೀ ಪ್ರಿಂಟ್ ಆಯಿತು. ಆ ಲೂಪನ್ನೂ ಪ್ಲಸ್ ಪ್ಲಸ್ಸನ್ನೂ 2016ರ ಸೆಪ್ಟೆಂಬರಿನಲ್ಲಷ್ಟೇ ಬಂದಿದ್ದ ಸ್ವಿಫ್ಟ್ 3 ಕಿತ್ತೇ ಹಾಕಿತ್ತು.

"ಚೆನ್ನಾಗೇ ಇತ್ತಲ್ಲ, ಯಾಕೆ ತೆಗೆದರು?" ಅಂದಳು. ಸ್ವಿಫ್ಟ್‌ನ ಬದಲಾವಣೆಗಳ ಪ್ರಸ್ತಾವಗಳೆಲ್ಲ ಕೋಡ್ ಇಡುವ ಜಾಲತಾಣ ಗಿಟ್‌ಹಬ್‌ನಲ್ಲಿವೆ. ಪ್ಲಸ್ ಪ್ಲಸ್ ತೆಗೆಯುವ ನಾಲ್ಕನೆಯ ಪ್ರಸ್ತಾವ ತೆರೆದು ತೋರಿಸಿದೆ. ಕೊಟ್ಟ ಕಾರಣಗಳಲ್ಲಿ ಮೊದಲನೆಯದೇ, ಸ್ವಿಫ್ಟನ್ನು ಮೊದಲ ಭಾಷೆಯಾಗಿ ಕಲಿಯುವವರಿಗೆ ಈ ಚಿಹ್ನೆಗಳು ಹೊರೆ ಅಂತ. ಹೊಸಬರಿಗಾಗಿ ತೆಗೆದ ಕಲ್ಲನ್ನೇ ಎಡವಿ ಬಿದ್ದ ಹೊಸಬಳು ನನ್ನ ಪಕ್ಕದಲ್ಲಿ ಕೂತಿದ್ದಳು.

ಇಷ್ಟಕ್ಕೆ ನಿಲ್ಲಿಸಬೇಕಿತ್ತು. ದೊಡ್ಡಸ್ತಿಕೆ ಬಿಡಬೇಕಲ್ಲ! "ನನ್ನದೇ ಕೋಡ್ ಕೊಡ್ತೀನಿ ತಾಳು" ಅಂತ ಪೆನ್ ಡ್ರೈವಿನಿಂದ ಹಳೆಯ ಪ್ರಾಜೆಕ್ಟೊಂದನ್ನು ತೆರೆದೆ. ಅವಳದಕ್ಕಿಂತ ಹೆಚ್ಚು ಕೆಂಪು. ಡಿಸ್ಪ್ಯಾಚ್ ಅಂಡರ್‌ಸ್ಕೋರ್ ಅಸಿಂಕ್, ಎನ್‌ಎಸ್‌ಯುಆರ್‌ಎಲ್, ರೆಡ್‌ಕಲರ್ - ಸ್ವಿಫ್ಟ್ 3 ಬದಲಿಸಿದ ಹಳೆಯ ಹೆಸರುಗಳೇ ಎಲ್ಲ, ಎಂಟು ತಿಂಗಳ ಹಿಂದೆ ಕೈಯಾರೆ ಬರೆದದ್ದು. ಕೋಡ್ ಬರೆಯುವ ಆಪಲ್‌ನವರ ತಂತ್ರಾಂಶ ಎಕ್ಸ್‌ಕೋಡ್ ತಾನೇ ಪರಿವರ್ತಿಸಿ ಕೊಡುತ್ತೇನೆ ಅಂದಿತು, ಬೇಡ ಅಂದೆ. ಪರಿವರ್ತನೆಯಾದ ಕೋಡ್ ಓಡುತ್ತದೆ, ನಿಜ. ಏನು ಬದಲಾಯಿತು ಅನ್ನುವುದು ಕಲಿಯುವವಳಿಗೆ ಕಾಣುವುದೇ ಇಲ್ಲ.

ಮಧ್ಯಾಹ್ನ ಊಟವಾದ ಮೇಲೆ ಸರಿಯಾದ ಉದಾಹರಣೆ ಹುಡುಕಲು ಕೂತೆವು. ಹುಡುಕುವಾಗ ಬರೀ 'ಸ್ವಿಫ್ಟ್' ಅನ್ನದೆ 'ಸ್ವಿಫ್ಟ್ 3' ಅನ್ನು, ಫಲಿತಾಂಶವನ್ನು ಈಚಿನ ತಿಂಗಳುಗಳಿಗೆ ಸೀಮಿತಗೊಳಿಸು ಅಂದೆ. ಆದರೂ ಮೇಲೆ ತೇಲುವುದು ಹಳೆಯದೇ. ವರ್ಷಗಟ್ಟಲೆ ಜನ ಮೆಚ್ಚಿದ ಉತ್ತರ ತಾನೇ ಮೊದಲು ಬರುವುದು? ಹಾಗಾಗಿ ಆಪಲ್‌ನವರ ಉಚಿತ ಸ್ವಿಫ್ಟ್ ಪುಸ್ತಕದ ಕೊನೆಯಲ್ಲಿರುವ ಪರಿಷ್ಕರಣೆಯ ಪಟ್ಟಿಗೆ ಕರೆದುಕೊಂಡು ಹೋದೆ. ಯಾವ ಆವೃತ್ತಿಗೆ ಏನು ಬದಲಾಯಿತು ಅಂತ ತಾರೀಖಿನ ಸಮೇತ ಅಲ್ಲಿದೆ. ಕಾದಂಬರಿ ಓದುವವಳ ಹಾಗೆ ಅರ್ಧ ಗಂಟೆ ಅದನ್ನೇ ಓದಿದಳು. ಆಮೇಲೆ ನನ್ನ ನಾಲ್ಕೈದು ತುಣುಕುಗಳನ್ನು ತಿದ್ದಿ ಅವಳ ನೋಟ್‌ಬುಕ್ಕಿನಲ್ಲಿ ಬರೆಸಿದೆ. ಪ್ರತಿ ಪುಟದ ನೆತ್ತಿಯ ಮೇಲೆ ಅವಳೇ ಹಸಿರು ಪೆನ್ನಿನಲ್ಲಿ 'ಸ್ವಿಫ್ಟ್ 3, ಎಕ್ಸ್‌ಕೋಡ್ 8' ಅಂತ ಹಾಕಿಕೊಂಡಳು.

ಮುಂದಿನ ವರ್ಷ ದಸರಾ ಕಳೆದ ಮೇಲೆ ಫೋನ್ ಬಂತು. ಸ್ವಿಫ್ಟ್ 4 ಬಂದಿತ್ತು. ಪದದಲ್ಲಿ ಎಷ್ಟು ಅಕ್ಷರ ಅಂತ ಎಣಿಸಲು ನಾನು ಬರೆಸಿದ್ದು 'ಕ್ಯಾರೆಕ್ಟರ್ಸ್ ಡಾಟ್ ಕೌಂಟ್'; ಈಗ ಬರೀ 'ಕೌಂಟ್' ಸಾಕು.

"ಮಾಮ," ಅಂದಳು, ದನಿಯಲ್ಲಿ ನಗು ತಡೆಯುತ್ತ, "ನೀನು ಕೊಟ್ಟ ಕೋಡ್ ಯಾವ ಕಾಲದ್ದು?"