ಅವ್ವನ ಕೋಣೆಯ ಹೀಟರ್

ಚಿತ್ರದುರ್ಗದ ಬಿಸಿಲನ್ನು ಬಲ್ಲವರಿಗೆ ಇಲ್ಲಿನ ಚಳಿಯ ಮಾತು ಅತಿಶಯವೆನಿಸಬಹುದು. ಆದರೆ ಡಿಸೆಂಬರ್ ಕಳೆಯುವ ಹೊತ್ತಿಗೆ ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಗಾಳಿ ಬೀಸತೊಡಗಿತೆಂದರೆ, ನಮ್ಮ ಹಳೆಯ ಕಲ್ಲುಗೋಡೆಯ ಮನೆಯಲ್ಲಿ ಬೆಳಗಿನ ಜಾವ ಅವ್ವನಿಗೆ ಮೊಣಕಾಲು ಮಡಚಲು ಬರುವುದಿಲ್ಲ. ಹಾಗಾಗಿ ಹೋದ ವರ್ಷ 2000 ವ್ಯಾಟ್‌ನ ರೂಮ್ ಹೀಟರ್ ತಂದೆವು.

ತಂದ ನಾಲ್ಕನೆಯ ರಾತ್ರಿ ಸುಟ್ಟ ವಾಸನೆ ಬಂತು. ಹೀಟರ್‌ಗೆ ಏನೂ ಆಗಿರಲಿಲ್ಲ. ಮೇನ್ ಆಫ್ ಮಾಡಿ ಮಂಚದಡಿಯ ಎಕ್ಸ್‌ಟೆನ್ಷನ್ ಬಾಕ್ಸನ್ನು ಎಳೆದು ನೋಡಿದರೆ, ಪ್ಲಗ್ ಕೂರುವ ತೂತುಗಳ ಸುತ್ತಲಿನ ಬಿಳಿ ಪ್ಲಾಸ್ಟಿಕ್ ಕಂದುಗಟ್ಟಿ ಮೇಣದಂತೆ ಮೆತ್ತಗಾಗಿತ್ತು. 2000 ವ್ಯಾಟನ್ನು 230 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 8.7 ಆಂಪಿಯರ್ ಬರುತ್ತದೆ. ಆ ಬಾಕ್ಸ್ ಇದ್ದದ್ದು 6 ಆಂಪಿಯರ್‌ಗೆ. ಹೀಟರ್‌ನ ದಪ್ಪ ಪಿನ್ನು ಸಣ್ಣ ತೂತಿಗೆ ಕೂರಲೆಂದು ನಡುವೆ ಕನ್ವರ್ಟರ್ ಪ್ಲಗ್ ಸಿಕ್ಕಿಸಿ ಹೊಂದಿಸಿದವನು ನಾನೇ. ಮಿತಿ ಮೀರಿ ಕರೆಂಟ್ ಹರಿದರೆ ತಾನೇ ಆಫ್ ಆಗುವ ಸ್ವಿಚ್ಚು, ಎಂಸಿಬಿ, ಏಕೆ ಬೀಳಲಿಲ್ಲವೆಂದು ಎಲೆಕ್ಟ್ರಿಷಿಯನ್‌ನನ್ನು ಕೇಳಿದೆ: ಅದು 16 ಆಂಪಿಯರ್‌ನದು, ಅದರ ಲೆಕ್ಕದಲ್ಲಿ ಯಾವ ತಪ್ಪೂ ನಡೆದಿರಲಿಲ್ಲ. ಈಗ ಗೀಸರ್‌ಗೆ ಕೊಡುವಂಥದೇ ದಪ್ಪ ವೈರು, ಅರ್ಥಿಂಗ್ ಇರುವ 16 ಆಂಪಿಯರ್ ಪಾಯಿಂಟನ್ನು ಗೋಡೆಗೇ ಹಾಕಿಸಿದ್ದೇನೆ.

ಇನ್ನೊಂದು ತಕರಾರು ಕಂಬಳಿಯದು. ಹೊದೆಯುವ ಮುನ್ನ ಬೆಚ್ಚಗಾಗಲೆಂದು ಅವ್ವ ತನ್ನ ಚಳ್ಳಕೆರೆ ಕಂಬಳಿಯನ್ನು ಹೀಟರ್‌ಗೆ ತಾಗುವಂತೆ ಕುರ್ಚಿಯ ಮೇಲೆ ಹರವುತ್ತಿದ್ದಳು. “ಉಣ್ಣೆ ಕಣಪ್ಪ, ಅಷ್ಟು ಬೇಗ ಹತ್ತಲ್ಲ” ಎಂಬ ಅವಳ ವಾದ ಪೂರ್ತಿ ಸುಳ್ಳೇನಲ್ಲ. ಉಣ್ಣೆ ಕೂದಲು ಸುಟ್ಟಂತೆ ನಾರುತ್ತದೆಯೇ ಹೊರತು ಸುಲಭವಾಗಿ ಉರಿಯುವುದಿಲ್ಲ. ಆದರೆ ಅದರಡಿಯಲ್ಲಿದ್ದ ಪಾಲಿಯೆಸ್ಟರ್ ಹೊದಿಕೆಗೆ ಆ ಗುಣವಿಲ್ಲ. ಬಟ್ಟೆ, ಪರದೆ, ಹಾಸಿಗೆ ಯಾವುದೇ ಇರಲಿ, ಮೂರು ಅಡಿ ದೂರವಿರಬೇಕೆಂದು ಕೊನೆಗೆ ರಾಜಿಯಾಯಿತು. ಮಲಗುವ ಮುನ್ನ ಅರ್ಧ ಗಂಟೆ ಹಾಕಿ, ನಿದ್ದೆಗೆ ಮೊದಲೇ ಪ್ಲಗ್ ಕಿತ್ತಿಡುತ್ತೇವೆ. ಅಷ್ಟಕ್ಕೇ ಒಂದು ಯೂನಿಟ್ ಆಗುತ್ತದೆನ್ನುವುದು ಬೇರೆ ಮಾತು.

ಕರೆಂಟ್ ಹೋದ ರಾತ್ರಿ ಮಾತ್ರ ನಾನು ರಾಜಿಗೆ ಒಪ್ಪಲಿಲ್ಲ. ಹಿಂದಿನಂತೆ ಬಾಣಲಿಯಲ್ಲಿ ಕೆಂಡ ತಂದಿಟ್ಟು ಕಿಟಕಿ ಮುಚ್ಚೆಂದಳು ಅವ್ವ. ಹಿಂದೆ ನಾವಿದ್ದದ್ದು ಗಾಳಿಯಾಡುವ ಹೆಂಚಿನ ಮನೆ. ಈಗಿನ ತಾರಸಿ ಕೋಣೆಯಲ್ಲಿ ಇದ್ದಿಲಿನಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ. ಬಿಸಿನೀರಿನ ಚೀಲ ತುಂಬಿಸಿ ಅವಳ ಮೊಣಕಾಲಡಿ ಇಟ್ಟೆ. ಗೊಣಗುತ್ತಲೇ ಮಲಗಿದಳು.